ಕೊನೆಯ ಒಂದು ಮೀಟರ್: ನಿಧಾನವಾಗಿ ಬೀಳುವ ಬೈಕಿನ ಬಗ್ಗೆ ಒಂದು ಮಾತುಕತೆ

ನಿಲ್ಲಿಸುವಾಗಲೋ ತಿರುಗಿಸುವಾಗಲೋ ಬೈಕು ಕೆಡವಿದವರು ಕೈ ಎತ್ತಿ ನೋಡೋಣ. ಮೂರು ನಾಲ್ಕು ಕೈ ಕಾಣುತ್ತಿವೆ, ಅವೂ ಅರ್ಧಂಬರ್ಧ. ಸರಿ, ಬೇರೆಯವರ ಬೈಕು ಹೀಗೆ ಬಿದ್ದದ್ದನ್ನು ಕಣ್ಣಾರೆ ನೋಡಿದವರು? ಈಗ ಹಿಂದಿನ ಸಾಲಿನವರೂ ಎತ್ತಿದ್ದಾರೆ. ಲೆಕ್ಕ ಎಲ್ಲೋ ತಾಳೆಯಾಗುತ್ತಿಲ್ಲ, ಅಲ್ವಾ?

ವೇಗವಾಗಿ ಹೋಗುವಾಗ ಬಿದ್ದವರು ಅದನ್ನು ವರ್ಷಗಟ್ಟಲೆ ಹೇಳಿಕೊಂಡು ತಿರುಗುತ್ತಾರೆ. ಯಾವ ತಿರುವು, ಎಷ್ಟು ಸ್ಪೀಡು, ಎಷ್ಟು ದೂರ ಉಜ್ಜಿಕೊಂಡು ಹೋದೆ, ಎಲ್ಲ ಬಾಯಿಪಾಠ. ಗಂಟೆಗೆ ಮೂರು ಕಿಲೋಮೀಟರ್ ವೇಗದಲ್ಲಿ ಬಿದ್ದವರು ಮಾತ್ರ ತುಟಿ ಪಿಟಕ್ಕೆನ್ನುವುದಿಲ್ಲ. ಇಂಡಿಕೇಟರ್ ಯಾಕೆ ಮುರಿದಿದೆ ಅಂತ ಕೇಳಿ. "ಪಾರ್ಕಿಂಗಿನಲ್ಲಿ ಯಾರೋ ತಾಗಿಸಿಬಿಟ್ಟರು" ಅನ್ನುತ್ತಾರೆ. ಇಷ್ಟು ಸಾಮಾನ್ಯವಾದ ವಿಷಯದ ಬಗ್ಗೆ ಇಷ್ಟು ಕಡಿಮೆ ಮಾತು ಯಾಕೆ ಅಂದರೆ ಕಾರಣ ಇದೇ, ನಾಚಿಕೆ. ಅದಕ್ಕೇ ಇವತ್ತು ಅದನ್ನೇ ಮಾತಾಡೋಣ ಅಂತ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಬೈಕು ಓಡಿಸುವುದನ್ನು ಎಲ್ಲರೂ ಕಲಿಯುತ್ತಾರೆ. ನಿಲ್ಲಿಸುವುದನ್ನು, ಅಂದರೆ ನಿಲ್ಲುವ ಮುಂಚಿನ ಆ ಕೊನೆಯ ಒಂದು ಮೀಟರನ್ನು, ಯಾರೂ ಬೇರೆಯಾಗಿ ಕಲಿಯುವುದಿಲ್ಲ. ಅದು ತಾನಾಗಿ ಬರುತ್ತದೆ ಅಂತ ಬಿಟ್ಟಿರುತ್ತೇವೆ. ಇವತ್ತು ಹೇಳುವ ಉದಾಹರಣೆಗಳೆಲ್ಲ ಹೆಚ್ಚು ಕಡಿಮೆ ಆ ಒಂದು ಮೀಟರಿನ ಆಸುಪಾಸಿನವೇ.

ಬೈಕು ಬೀಳದೆ ನಿಲ್ಲುವುದು ಹೇಗೆ ಅನ್ನುವುದರಿಂದ ಶುರು ಮಾಡೋಣ. ಪೊರಕೆಯನ್ನು ಅಂಗೈ ಮೇಲೆ ನೆಟ್ಟಗೆ ನಿಲ್ಲಿಸುವ ಆಟ ಚಿಕ್ಕಂದಿನಲ್ಲಿ ಆಡಿರುತ್ತೀರಿ. ಪೊರಕೆ ಎಡಕ್ಕೆ ವಾಲಿದರೆ ಅಂಗೈಯನ್ನೂ ಎಡಕ್ಕೆ ಒಯ್ಯುತ್ತೀರಿ. ಬೈಕೂ ಅದನ್ನೇ ಮಾಡುತ್ತದೆ. ಎಡಕ್ಕೆ ವಾಲಿದಾಗ ಹ್ಯಾಂಡಲ್ ತುಸು ಎಡಕ್ಕೆ ತಿರುಗಿ, ಚಕ್ರಗಳು ವಾಲಿದ ಕಡೆಗೇ ಸರಿದು ಬೈಕಿನ ಅಡಿಗೆ ಬರುತ್ತವೆ. ಆದರೆ ಚಕ್ರ ಪಕ್ಕಕ್ಕೆ ಸರಿಯಬೇಕಾದರೆ ಮೊದಲು ಮುಂದಕ್ಕೆ ಉರುಳಬೇಕಲ್ಲ? ಸ್ಪೀಡಿದ್ದರೆ ಕೂದಲೆಳೆಯಷ್ಟು ತಿರುಗಿಸಿದರೂ ಸಾಕು. ಸ್ಪೀಡು ಅರ್ಧಕ್ಕೆ ಇಳಿದರೆ ಅದೇ ಪರಿಣಾಮಕ್ಕೆ ನಾಲ್ಕರಷ್ಟು ತಿರುಗಿಸಬೇಕು. ಪೂರ್ತಿ ನಿಂತ ಮೇಲೆ ಎಷ್ಟು ತಿರುಗಿಸಿದರೂ ಉಪಯೋಗವಿಲ್ಲ.

ಇಲ್ಲಿ ಒಂದು ಅಡ್ಡಮಾತು. ತಿರುಗುವ ಗಾಲಿಯ ಗೈರೊಸ್ಕೋಪ್ ಗುಣವೇ, ಅಂದರೆ ಬುಗುರಿಯ ಹಾಗೆ ತಿರುಗುತ್ತಿರುವಷ್ಟು ಹೊತ್ತು ಬೀಳದೆ ನಿಲ್ಲುವ ಗುಣವೇ, ಬೈಕನ್ನು ಎತ್ತಿ ಹಿಡಿಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್, ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಸೇರಿ ಒಂದು ವಿಚಿತ್ರ ಸೈಕಲ್ ಮಾಡಿದರು. ಅದರ ಗಾಲಿಗಳ ಜೊತೆ ಉಲ್ಟಾ ತಿರುಗುವ ಇನ್ನೊಂದು ಜೊತೆ ಗಾಲಿ ಹಾಕಿ ಆ ಗುಣವನ್ನೇ ರದ್ದು ಮಾಡಿದ್ದರು. ಆದರೂ ತಳ್ಳಿ ಬಿಟ್ಟರೆ ಸವಾರನಿಲ್ಲದೆ ತಾನಾಗಿ ನೆಟ್ಟಗೆ ಹೋಯಿತು. ಬೀಳುವ ಕಡೆಗೆ ಹ್ಯಾಂಡಲ್ ತಾನೇ ತಿರುಗುತ್ತಿತ್ತು. 'ಸೈನ್ಸ್' ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. ಇದರಲ್ಲಿ ನಮಗೆ ಬೇಕಾದ್ದು ಇಷ್ಟೇ: ಓಡುವಾಗ ಬೈಕು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಆ ಕೆಲಸವೆಲ್ಲ ನಮ್ಮದೇ ಅಂತ ನಾವು ಅಂದುಕೊಂಡಿರುತ್ತೇವೆ. ಕೊನೆಯ ಮೀಟರಿನಲ್ಲಿ ಅದು ಕೈಬಿಟ್ಟಾಗ ನಮಗೆ ನಿಜವಾಗಿ ಎಷ್ಟು ಬರುತ್ತದೆ ಅನ್ನುವುದು ಗೊತ್ತಾಗುತ್ತದೆ.

ಈಗ ಭಾರದ ಲೆಕ್ಕ. 200 ಕಿಲೋ ಬೈಕು, ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರ್ ಮೇಲೆ, ಹ್ಯಾಂಡಲ್ ಒಂದು ಮೀಟರ್ ಎತ್ತರದಲ್ಲಿ ಅಂತ ಇಟ್ಟುಕೊಳ್ಳಿ. ನೆಟ್ಟಗಿದ್ದಾಗ ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಬಹುದು. 5 ಡಿಗ್ರಿ ವಾಲಿದರೆ ಹ್ಯಾಂಡಲಿನ ಹತ್ತಿರ ಸುಮಾರು 10 ಕಿಲೋ ತಡೆಯಬೇಕು. ಪರವಾಗಿಲ್ಲ, ಆಗುತ್ತದೆ. 15 ಡಿಗ್ರಿಗೆ ಅದು 28 ಕಿಲೋ. 30 ಡಿಗ್ರಿಗೆ 55 ಕಿಲೋ. ಇದು ಬರೀ ಬೈಕಿನ ಲೆಕ್ಕ. ಮೇಲೆ ಕೂತ ನಿಮ್ಮ ತೂಕ, ಹಿಂದಿನ ಲಗೇಜು ಬೇರೆ. 20 ಲೀಟರ್ ಟ್ಯಾಂಕು ಇದ್ದರೆ, ಅದನ್ನು ತುಂಬಿಸಿದಾಗ ಸುಮಾರು 15 ಕಿಲೋ, ಅದೂ ಮೇಲುಗಡೆಯೇ. ಇನ್ನು ಸಮಯ. ಯಾರೂ ಹಿಡಿಯದೆ ಬಿಟ್ಟರೆ 5 ಡಿಗ್ರಿಯಿಂದ 30ಕ್ಕೆ ಹೋಗಲು ಬೈಕಿಗೆ ಒಂದು ಸೆಕೆಂಡು ಕೂಡ ಬೇಡ. "ಹಿಡಿಯೋಣ" ಅಂತ ನಿಮಗೆ ಹೊಳೆಯುವಷ್ಟರಲ್ಲಿ ಹಿಡಿಯಬಹುದಾದ ಹಂತ ದಾಟಿರುತ್ತದೆ.

ಒಂದು ಬೀಳುವಿಕೆಯನ್ನು ನಿಧಾನವಾಗಿ ಬಿಡಿಸಿ ನೋಡೋಣ. ನೀವು ಪಾರ್ಕಿಂಗಿಗೆ ಬರುತ್ತಿದ್ದೀರಿ. ಎರಡು ಗಾಡಿಗಳ ನಡುವೆ ಬಲಗಡೆ ಜಾಗ ಕಂಡಿತು. ಹ್ಯಾಂಡಲ್ ಬಲಕ್ಕೆ ತಿರುಗಿಸಿದ್ದೀರಿ. ವೇಗ ನಡೆಯುವಷ್ಟು. ಕಣ್ಣು ಮುಂದಿನ ಚಕ್ರದ ಮೇಲೆ, ಪಕ್ಕದ ಗಾಡಿಗೆ ತಾಗೀತು ಅಂತ. ಅಷ್ಟರಲ್ಲಿ ಯಾರೋ ಅಡ್ಡ ಬಂದರು. ಬಲಗೈಯ ಬೆರಳುಗಳು ತಾವಾಗಿ ಮುಂದಿನ ಬ್ರೇಕ್ ಒತ್ತಿದವು. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕು ಕುಸಿಯಿತು, ಗಾಡಿ ಗಕ್ಕನೆ ನಿಂತಿತು. ತಿರುವಿನಲ್ಲಿದ್ದ ಬೈಕು ಬಲಕ್ಕೆ ವಾಲಿತ್ತಲ್ಲ, ಆ ವಾಲನ್ನು ಎತ್ತಿ ಹಿಡಿದಿದ್ದದ್ದು ಅದರ ಓಟ. ಓಟ ಹೋಯಿತು, ವಾಲು ಉಳಿಯಿತು. ಬಲಗಾಲು ಇನ್ನೂ ಹಿಂದಿನ ಬ್ರೇಕಿನ ಪೆಡಲ್ ಮೇಲೇ ಇದೆ. ಕೆಳಗಿಳಿಯಲು ತಯಾರಾಗಿದ್ದದ್ದು ಎಡಗಾಲು, ದಿನವೂ ಅದನ್ನೇ ಕೊಟ್ಟು ಅಭ್ಯಾಸ. ಬೈಕು ಬಲಕ್ಕೆ ಬೀಳುತ್ತಿದೆ, ಕಾಲು ಎಡಗಡೆ ಕಾಯುತ್ತಿದೆ.

ಇದರಲ್ಲಿ ಬ್ಯಾಲೆನ್ಸ್ ತಪ್ಪಿದ್ದು ಎಲ್ಲಿ ಹೇಳಿ? ಬಿದ್ದವರು "ಬ್ಯಾಲೆನ್ಸ್ ತಪ್ಪಿತು" ಅಂತಲೇ ಹೇಳುತ್ತಾರೆ. ನಿಜಕ್ಕೂ ಆದದ್ದು ಹ್ಯಾಂಡಲ್ ತಿರುಗಿದ್ದಾಗ ಮುಂದಿನ ಬ್ರೇಕ್ ಹಿಡಿದದ್ದು. ಬೀಳುವುದಕ್ಕೆ ಒಂದು ಸೆಕೆಂಡು ಮುಂಚೆಯೇ ಆಟ ಮುಗಿದಿತ್ತು. ನಾನು ಕಲಿಸುವಾಗ ಹೇಳುವುದು ಹೀಗೆ: ಕೊನೆಯ ಒಂದು ಮೀಟರಿಗೆ ಬರುವ ಹೊತ್ತಿಗೆ ಹ್ಯಾಂಡಲ್ ನೆಟ್ಟಗಿರಲಿ. ಮುಂದಿನ ಬ್ರೇಕಿನ ಕೆಲಸ ಅಷ್ಟರೊಳಗೆ ಮುಗಿದಿರಲಿ, ಉಳಿದದ್ದನ್ನು ಹಿಂದಿನ ಬ್ರೇಕ್ ಮೆತ್ತಗೆ ಮುಗಿಸಲಿ. ತಲೆ ಎತ್ತಿರಿ. ಜಾಗಕ್ಕೆ ವಾರೆಯಾಗಿ ನಿಂತಿದ್ದರೆ ನಿಂತ ಮೇಲೆ ಸರಿ ಮಾಡಿಕೊಳ್ಳಿ, ಉರುಳುತ್ತಾ ಸರಿ ಮಾಡಲು ಹೋಗಬೇಡಿ. ಹೊಸದಾಗಿ ಕಲಿತವರು ಇದನ್ನು ಬೇಗ ಹಿಡಿದುಕೊಳ್ಳುತ್ತಾರೆ. ಹತ್ತು ಹದಿನೈದು ವರ್ಷ ಓಡಿಸಿದವರ ಬೆರಳನ್ನು ಆ ಬ್ರೇಕಿನಿಂದ ಬಿಡಿಸುವುದು ಕಷ್ಟ.

ಯೂ ಟರ್ನ್ ಇದರ ದೊಡ್ಡಣ್ಣ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ, 3 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಬೈಕು ಸುಮಾರು 15 ಡಿಗ್ರಿ ವಾಲಬೇಕು. ಈಗಷ್ಟೇ ಮಾಡಿದ ಲೆಕ್ಕ ನೆನಪಿಸಿಕೊಳ್ಳಿ. ಅರ್ಧ ತಿರುಗಿದಾಗ ಇಂಜಿನ್ ಆಫ್ ಆಯಿತು ಅಂದರೆ, ಆ ಕ್ಷಣದಲ್ಲಿ 28 ಕಿಲೋ ಪ್ಲಸ್ ನಿಮ್ಮ ತೂಕದ ಪಾಲು ಒಂದೇ ಸಲ ಒಂದು ಕಾಲಿನ ಮೇಲೆ ಬರುತ್ತದೆ. ಗೇರಿನಲ್ಲಿರುವ ಇಂಜಿನ್ ಆಫ್ ಆದರೆ ಹಿಂದಿನ ಚಕ್ರಕ್ಕೆ ಬ್ರೇಕ್ ಹಾಕಿದ ಹಾಗೇ. ಇಂಜಿನ್ ಯಾಕೆ ಆಫ್ ಆಯಿತು? ತಿರುವು ಸಾಲದು ಅನ್ನಿಸಿ ಹೆದರಿಕೆಯಾಯಿತು, ಆಕ್ಸಿಲರೇಟರ್ ಬಿಟ್ಟರು, ಕ್ಲಚ್ ಪೂರ್ತಿ ಬಿಟ್ಟೇ ಇತ್ತು. ಮುಗೀತು.

ಇದಕ್ಕೆ ಮದ್ದು ಹಾಫ್ ಕ್ಲಚ್ ಮತ್ತು ಹಿಂದಿನ ಬ್ರೇಕ್. ಕ್ಲಚ್ ಅರ್ಧ ಹಿಡಿದಿರಬೇಕು, ಆಕ್ಸಿಲರೇಟರ್ ಸ್ವಲ್ಪ ಜಾಸ್ತಿಯೇ ಕೊಟ್ಟು ಹಾಗೇ ಇಡಬೇಕು, ವೇಗವನ್ನು ಹಿಂದಿನ ಬ್ರೇಕಿನಿಂದ ಹದಗೊಳಿಸಬೇಕು. ಇಂಜಿನ್ ಎಳೆಯುತ್ತಿರುತ್ತದೆ, ಬ್ರೇಕ್ ಹಿಡಿಯುತ್ತಿರುತ್ತದೆ, ನಡುವೆ ಬೈಕು ಬಿಗಿಯಾಗಿ ನಿಲ್ಲುತ್ತದೆ. ಬೈಕನ್ನು ತಿರುವಿನ ಒಳಗೆ ವಾಲಿಸಿ, ನೀವು ಮಾತ್ರ ಹೊರಗಿನ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ನೆಟ್ಟಗೆ ಕೂತಿರಿ. ಇಷ್ಟು ಮಾಡಿಯೂ ಬೀಳುವವರಿದ್ದಾರೆ, ಯಾಕೆಂದರೆ ಅವರು ರಸ್ತೆಯ ಅಂಚಿನ ಕಲ್ಲನ್ನೇ ದಿಟ್ಟಿಸುತ್ತಿರುತ್ತಾರೆ. ಎಲ್ಲಿ ನೋಡುತ್ತೀರೋ ಗಾಡಿ ಅಲ್ಲಿಗೇ ಹೋಗುತ್ತದೆ. ಗದ್ದವನ್ನು ಭುಜದ ಮೇಲೆ ತಂದು, ತಿರುಗಿ ಎಲ್ಲಿಗೆ ಹೋಗಬೇಕೋ ಆ ಜಾಗ ನೋಡಿ. ಕತ್ತು ನೋಯಬೇಕು, ಅಷ್ಟು ತಿರುಗಿಸಿ. ಸಭೆಯಲ್ಲಿ ಕೆಲವರು ಕೂತಲ್ಲೇ ಕತ್ತು ತಿರುಗಿಸಿ ನೋಡುತ್ತಿದ್ದೀರಿ. ಇನ್ನೂ ಸ್ವಲ್ಪ ತಿರುಗಿಸಿ, ಸಾಲದು.

ಕುಣಿಯಲಾರದವರು ನೆಲ ಡೊಂಕು ಅಂದರಂತೆ. ಬೈಕಿನ ವಿಷಯದಲ್ಲಿ ಎಷ್ಟೋ ಸಲ ನೆಲ ನಿಜವಾಗಿಯೂ ಡೊಂಕಾಗಿರುತ್ತದೆ. ಸೀಟು ಎತ್ತರ, ನಿಮ್ಮ ಕಾಲು ಪೂರ್ತಿ ಚಾಚಿದರೆ ಮಾತ್ರ ತಲುಪುತ್ತದೆ ಅನ್ನಿ. ಕಾಲಿಡುವ ಕಡೆ ನಾಲ್ಕೈದು ಸೆಂಟಿಮೀಟರ್ ತಗ್ಗಿದ್ದರೂ ಸಾಕು, ಕಾಲು ನೆಲ ಮುಟ್ಟಬೇಕಾದರೆ ಬೈಕು ಆರೇಳು ಡಿಗ್ರಿ ವಾಲಲೇಬೇಕು. ರಸ್ತೆಗಳನ್ನು ಮಳೆ ನೀರು ಹರಿಯಲೆಂದು ನಡುವೆ ಉಬ್ಬಿಸಿ ಅಂಚಿಗೆ ಇಳಿಜಾರು ಕೊಟ್ಟೇ ಕಟ್ಟುತ್ತಾರೆ. ಅಂಚಿನಲ್ಲಿ ನಿಂತು ಇಳಿಜಾರಿನ ಕಡೆಯ ಕಾಲು ಕೊಟ್ಟರೆ ಅದು ತಗ್ಗಿಗೇ ಹೋಗುತ್ತದೆ. ಮರಳು, ಜಲ್ಲಿ, ಚೆಲ್ಲಿದ ಆಯಿಲ್, ಒದ್ದೆಯಾದ ಬಿಳಿ ಪಟ್ಟೆ, ಕಬ್ಬಿಣದ ಮುಚ್ಚಳ, ಇವೆಲ್ಲ ಚಕ್ರಕ್ಕೆ ಜಾರುವ ಮುಂಚೆ ನಿಮ್ಮ ಶೂಗೆ ಜಾರುತ್ತವೆ. ಆದ್ದರಿಂದ ಎಲ್ಲಿ ನಿಲ್ಲುತ್ತೀರಿ ಅನ್ನುವುದಕ್ಕಿಂತ ಕಾಲು ಎಲ್ಲಿ ಬೀಳುತ್ತದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಗಿಡ್ಡ ಕಾಲಿನವರು ಎತ್ತರದ ಬೈಕು ಓಡಿಸಬಾರದೇ ಅಂತ ಕೇಳುತ್ತಾರೆ. ಧಾರಾಳವಾಗಿ ಓಡಿಸಬಹುದು. ಸೀಟಿನ ಮೇಲೆ ಸ್ವಲ್ಪ ಪಕ್ಕಕ್ಕೆ ಸರಿದು ಒಂದೇ ಕಾಲನ್ನು ಗಟ್ಟಿಯಾಗಿ ಊರಿ. ಎರಡೂ ಕಡೆ ತುದಿಬೆರಳಲ್ಲಿ ನಿಂತರೆ ಯಾವ ಕಡೆಗೂ ಬಲವಿರುವುದಿಲ್ಲ.

ನಿಂತ ಮೇಲೆ ಬೀಳುವ ಬೈಕುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಇವು ಬುದ್ಧಿಗಿಂತ ಮರೆವಿನ ಪ್ರಕರಣಗಳು. ಸೈಡ್ ಸ್ಟ್ಯಾಂಡ್ ಇಳಿಸಿದೆ ಅಂದುಕೊಂಡು ಬೈಕು ವಾಲಿಸುವುದು. ಪೂರ್ತಿ ಮುಂದಕ್ಕೆ ಬರದ ಸ್ಟ್ಯಾಂಡಿನ ಮೇಲೆ ಭಾರ ಬಿಡುವುದು. ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನ್ಯೂಟ್ರಲ್‌ನಲ್ಲಿ ನಿಲ್ಲಿಸುವುದು. ಬೈಕು ಒಂದಡಿ ಮುಂದೆ ಉರುಳಿದರೆ ಸ್ಟ್ಯಾಂಡು ಮಡಚಿಕೊಳ್ಳುತ್ತದೆ. ಮೂತಿ ಏರಿನ ಕಡೆ ಇರಲಿ, ಒಂದನೇ ಗೇರಿನಲ್ಲಿರಲಿ. ಮೆತ್ತನೆ ಮಣ್ಣಿದ್ದರೆ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲು ಇಡಿ, ಕಾದ ಡಾಂಬರಿನಲ್ಲೂ ಸ್ಟ್ಯಾಂಡು ನಿಧಾನವಾಗಿ ಇಳಿಯುತ್ತದೆ. ಕಳ್ಳರಿಗೆ ಅಂತ ಚಕ್ರದ ಬ್ರೇಕ್ ಡಿಸ್ಕಿಗೆ ಹಾಕಿದ ಬೀಗವನ್ನು, ಅಂದರೆ ಡಿಸ್ಕ್ ಲಾಕ್ ಅನ್ನು, ಬಿಚ್ಚದೆ ಹೊರಟವರನ್ನಂತೂ ಕೇಳಲೇಬೇಡಿ. ನೆನಪಿಗೆ ಅಂತ ಅದಕ್ಕೆ ಹ್ಯಾಂಡಲಿನಿಂದ ಒಂದು ಬಣ್ಣದ ದಾರ ಕಟ್ಟಿಡುತ್ತಾರಲ್ಲ, ಅದು ಯಾರೋ ಬಿದ್ದೆದ್ದು ಕಂಡುಹಿಡಿದ ಉಪಾಯವೇ ಇರಬೇಕು.

ಹಿಂದೆ ಕೂರುವವರ ಬಗ್ಗೆ ಒಂದು ಮಾತು. ನೀವು ಫೋನು ಜೇಬಿಗಿಡುತ್ತಿರುವಾಗ ಅವರು ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ಎದ್ದರೆ ಆ ಅರವತ್ತು ಎಪ್ಪತ್ತು ಕಿಲೋ ಒಂದೇ ಕಡೆ ಎಳೆಯುತ್ತದೆ. "ಹತ್ತಲಾ?" ಅಂತ ಅವರು ಕೇಳಬೇಕು, ಎರಡೂ ಕಾಲೂರಿ ಮುಂದಿನ ಬ್ರೇಕ್ ಹಿಡಿದು "ಹೂಂ, ಹತ್ತು" ಅಂತ ನೀವು ಹೇಳಬೇಕು. ಇಳಿಯುವಾಗಲೂ ಇದೇ. ಮನೆಯವರ ಜೊತೆ ಇಷ್ಟು ಶಿಸ್ತು ಯಾಕೆ ಅನ್ನಿಸಬಹುದು. ಇಬ್ಬರೂ ಸೇರಿ ಬೈಕಿನ ಜೊತೆ ಮಲಗಿದ ಮೇಲೆ ನಡೆಯುವ ಸಂಭಾಷಣೆಗಿಂತ ಇದು ವಾಸಿ.

ಈಗ ಬೈಕು ವಾಲುತ್ತಿದೆ. ಹಿಡಿಯಬೇಕಾ, ಬಿಡಬೇಕಾ? ಮೊದಲ ಐದಾರು ಡಿಗ್ರಿಯಲ್ಲಿ ಹಿಡಿಯಿರಿ. ಅಲ್ಲಿಂದ ಮುಂದೆ ಹೋದರೆ ಬಿಟ್ಟುಬಿಡಿ, ನೀವು ಪಕ್ಕಕ್ಕೆ ಸರಿಯಿರಿ. ಮಂಡಿ ತಿರುಚುವುದು, ಪಾದ ಸಿಕ್ಕಿಕೊಳ್ಳುವುದು, ಬೆನ್ನು ಹಿಡಿಯುವುದು, ಇವೆಲ್ಲ ಆಗುವುದು ಬೀಳುವ ಬೈಕನ್ನು ಕೊನೆಯವರೆಗೂ ಕಾದಾಡಿ ಹಿಡಿಯುವವರಿಗೆ. ಲಿವರ್ ಬದಲಾಯಿಸುವುದು ಸ್ಪ್ಯಾನರಿನ ಕೆಲಸ. ಮಂಡಿ ಹಾಗಲ್ಲ. ಆದರೂ ಜನ ಬಿಡುವುದಿಲ್ಲ. ಯಾಕೆಂದರೆ ಎದುರಿಗೆ ನಾಲ್ಕು ಜನ ನಿಂತಿದ್ದಾರೆ.

ಎತ್ತುವಾಗಲೂ ಇದೇ ನಾಚಿಕೆ ಕೆಲಸ ಮಾಡುತ್ತದೆ. ಬಿದ್ದ ತಕ್ಷಣ ಯಾರೂ ನೋಡಲಿಲ್ಲ ಅನ್ನುವ ಹಾಗೆ ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಬಗ್ಗಿ, ಬೆನ್ನಿನ ಬಲದಲ್ಲಿ ಜಗ್ಗುತ್ತಾರೆ. ಸ್ವಲ್ಪ ತಡೆಯಿರಿ. ಇಂಜಿನ್ ಆಫ್ ಮಾಡಿ. ಪೆಟ್ರೋಲ್ ಸೋರುತ್ತಿದೆಯಾ ನೋಡಿ, ಸೈಲೆನ್ಸರ್ ಎಲ್ಲಿದೆ ನೋಡಿ. ಯಾರಾದರೂ "ಸಹಾಯ ಬೇಕಾ?" ಅಂದರೆ "ಬನ್ನಿ" ಅನ್ನಿ, "ಬೇಡ ಬೇಡ" ಅನ್ನಬೇಡಿ. ಒಬ್ಬರೇ ಇದ್ದರೆ ಬೈಕಿಗೆ ಬೆನ್ನು ಕೊಟ್ಟು ನಿಲ್ಲಿ. ಹ್ಯಾಂಡಲನ್ನು ಬಿದ್ದ ಕಡೆಗೇ ಪೂರ್ತಿ ತಿರುಗಿಸಿ. ಸೀಟಿನ ಅಂಚಿಗೆ ಸೊಂಟದ ಕೆಳಭಾಗ ಒರಗಿಸಿ ಕುಕ್ಕರಗಾಲಲ್ಲಿ ಕೂರಿ. ಒಂದು ಕೈಯಲ್ಲಿ ಕೆಳಗಿರುವ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಗ್ರ್ಯಾಬ್ ರೈಲ್, ಅಂದರೆ ಹಿಂದೆ ಕೂತವರು ಹಿಡಿದುಕೊಳ್ಳುವ ಕಂಬಿ, ಹಿಡಿಯಿರಿ. ಕೈ ಚಾಚಿದ್ದು ಚಾಚಿದಂತೇ ಇರಲಿ, ಬೆನ್ನು ನೆಟ್ಟಗಿರಲಿ. ತೊಡೆಯ ಬಲದಲ್ಲಿ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಾ ಹಿಂದಕ್ಕೆ ತಳ್ಳಿ. ಮೇಲೆ ಬಂದ ಹಾಗೆಲ್ಲ ಭಾರ ಕಡಿಮೆಯಾಗುತ್ತದೆ, ಅದೇ ಲೆಕ್ಕ ಉಲ್ಟಾ.

ಬಲಕ್ಕೆ ಬಿದ್ದಿದ್ದರೆ ಪುಣ್ಯ. ಸೈಡ್ ಸ್ಟ್ಯಾಂಡು, ಗೇರ್ ಲಿವರ್ ಎರಡೂ ಮೇಲುಗಡೆ ಇರುತ್ತವೆ. ಎತ್ತುವ ಮುಂಚೆಯೇ ಸ್ಟ್ಯಾಂಡ್ ಹೊರಗೆಳೆದು ಗೇರಿಗೆ ಹಾಕಿಬಿಡಿ. ಜೋರಾಗಿ ಎತ್ತಿ ಆಚೆ ಕಡೆಗೆ ವಾಲಿದರೂ ಸ್ಟ್ಯಾಂಡು ಹಿಡಿಯುತ್ತದೆ. ಎಡಕ್ಕೆ ಬಿದ್ದರೆ ಆ ಅನುಕೂಲವಿಲ್ಲ. ಆಗ ಮೇಲಿರುವ ಮುಂದಿನ ಬ್ರೇಕ್ ಲಿವರನ್ನು ಒಂದು ಬಲವಾದ ರಬ್ಬರ್ ಬ್ಯಾಂಡಿನಿಂದಲೋ ಪಟ್ಟಿಯಿಂದಲೋ ಬಿಗಿದು ಕಟ್ಟಿ, ಬೈಕು ಉರುಳುವುದಿಲ್ಲ. ಎತ್ತಿದ ಮೇಲೆ ಬಲಗಡೆಗೆ ಕೆಡವದಿರುವುದು ನಿಮ್ಮ ಜವಾಬ್ದಾರಿ. ಹಾಗೂ ಕೆಡವಿದವರಿದ್ದಾರೆ.

ಎದ್ದ ತಕ್ಷಣ ಹತ್ತಿ ಓಡಬೇಡಿ. ಆಕ್ಸಿಲರೇಟರ್ ತಿರುಗಿಸಿ ಬಿಟ್ಟರೆ ತಾನಾಗಿ ವಾಪಸ್ ಬರುತ್ತದಾ, ಬ್ರೇಕ್ ಹಿಡಿಯುತ್ತದಾ, ಗೇರ್ ಲಿವರ್ ಒಳಗೆ ಬಾಗಿ ಇಂಜಿನ್ನಿಗೆ ತಾಗುತ್ತಿದೆಯಾ ನೋಡಿ. ಬೈಕು ಮಲಗಿದರೆ ಇಂಜಿನ್ ನಿಲ್ಲಿಸುವ ಸೆನ್ಸರ್ ಈಗಿನ ಎಷ್ಟೋ ಗಾಡಿಗಳಲ್ಲಿದೆ. ಸ್ಟಾರ್ಟ್ ಆಗದಿದ್ದರೆ ಗಾಬರಿ ಬೇಡ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ. ಹಳೆಯ ಕಾರ್ಬ್ಯುರೇಟರ್ ಗಾಡಿಯಾದರೆ ಇಂಜಿನ್ನಿನೊಳಗೆ ಪೆಟ್ರೋಲ್ ಜಾಸ್ತಿ ತುಂಬಿಕೊಂಡಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿ.

ಇಷ್ಟೆಲ್ಲ ಆದ ಮೇಲೆ ಸವಾರರು ಏನು ಕಲಿಯುತ್ತಾರೆ? ಬಹಳ ಜನ ತಪ್ಪು ಪಾಠವನ್ನೇ ಕಲಿಯುತ್ತಾರೆ. ಒಂದು ಸಲ ಬಿದ್ದವರು ಆಮೇಲೆ ನಿಲ್ಲುವ ಹತ್ತು ಮೀಟರ್ ಮುಂಚೆಯೇ ಎರಡೂ ಕಾಲು ಕೆಳಗೆ ಬಿಟ್ಟು ನೆಲ ಸವರಿಕೊಂಡು ಬರುತ್ತಾರೆ. ಹಿಂದಿನ ಬ್ರೇಕಿನ ಮೇಲೆ ಕಾಲಿಲ್ಲ, ಕೈಯಲ್ಲಿರುವುದು ಮುಂದಿನ ಬ್ರೇಕ್ ಒಂದೇ. ಅಂದರೆ ಯಾವುದರಿಂದ ಬಿದ್ದರೋ ಅದನ್ನೇ ಗಟ್ಟಿ ಮಾಡಿಕೊಂಡರು. ಇನ್ನು ಕೆಲವರು ಯೂ ಟರ್ನ್ ಮಾಡುವುದನ್ನೇ ಬಿಟ್ಟು ಎರಡು ಕಿಲೋಮೀಟರ್ ಸುತ್ತಿ ಬರುತ್ತಾರೆ. ಬಿದ್ದದ್ದನ್ನು ಯಾರ ಹತ್ತಿರವೂ ಹೇಳದಿದ್ದರೆ ಹೀಗೇ ಆಗುವುದು. ಹೇಳಿದ್ದರೆ ಗೆಳೆಯರು ಒಂದು ದಿನ ನಗುತ್ತಿದ್ದರು, ಆಮೇಲೆ ಯಾರಾದರೂ ಒಬ್ಬರು "ಆಗ ಯಾವ ಬ್ರೇಕ್ ಹಿಡಿದಿದ್ದೆ?" ಅಂತ ಕೇಳುತ್ತಿದ್ದರು.

ಜಪಾನಿನ ಲೈಸೆನ್ಸ್ ಪರೀಕ್ಷೆಯಲ್ಲಿ ಒಂದು ಕಿರಿದಾದ ಕಟ್ಟೆ ದಾಟಿಸುತ್ತಾರೆ. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, 5 ಸೆಂಟಿಮೀಟರ್ ಎತ್ತರ. ದೊಡ್ಡ ಬೈಕಿನವರು ಅದನ್ನು ದಾಟಲು ಕನಿಷ್ಠ 10 ಸೆಕೆಂಡು ತೆಗೆದುಕೊಳ್ಳಬೇಕು. ಬೇಗ ದಾಟಿದರೆ ಅಂಕ ಹೋಗುತ್ತದೆ, ಕೆಳಗಿಳಿದರೆ ಫೇಲ್. ನಿಧಾನವಾಗಿ ಹೋಗುವುದಕ್ಕೆ ಅಂಕ ಕೊಡುವ ಪರೀಕ್ಷೆ ಅಂದರೆ ನನಗೆ ಬಹಳ ಇಷ್ಟ. ಖಾಲಿ ಮೈದಾನದಲ್ಲಿ ಎರಡು ಗೆರೆ ಎಳೆದುಕೊಂಡು ನೀವೂ ಮಾಡಬಹುದು. ಸೆಕೆಂಡ್ ಎಣಿಸಲು ಒಬ್ಬರಿರಲಿ. ಕ್ಲಚ್ ಹಿಡಿದ ಕೈ ನೋಯಲು ಶುರುವಾದರೆ ಸರಿಯಾಗಿ ಮಾಡುತ್ತಿದ್ದೀರಿ ಅಂತ ಅರ್ಥ.

ಕೊನೆಗೆ ಇಲ್ಲಿಂದ ಬಂದ ಎರಡು ಪ್ರಶ್ನೆ. ಇಂಜಿನ್ನಿನ ಎರಡೂ ಪಕ್ಕ ಹಾಕುವ ಕಂಬಿ, ಅಂದರೆ ಕ್ರ್ಯಾಶ್ ಗಾರ್ಡ್, ಹಾಕಿಸಬೇಕಾ ಅಂತ ಒಬ್ಬರು ಕೇಳಿದ್ದಾರೆ. ನಿಧಾನವಾಗಿ ಬೀಳುವ ಮಟ್ಟಿಗೆ ಹೌದು. ಟ್ಯಾಂಕು ಉಳಿಯುತ್ತದೆ, ಬೈಕು ಪೂರ್ತಿ ಮಲಗದೆ ಕಾಲಿಗೆ ಸ್ವಲ್ಪ ಜಾಗ ಸಿಗುತ್ತದೆ, ಎತ್ತುವುದೂ ಸುಲಭ. ಕಾಡು ಮೇಡು ಸುತ್ತುವವರು ಇನ್ನೊಂದು ಮಾಡುತ್ತಾರೆ: ಕ್ಲಚ್ ಮತ್ತು ಬ್ರೇಕ್ ಲಿವರನ್ನು ಹ್ಯಾಂಡಲಿಗೆ ಕೂರಿಸುವ ಹಿಡಿಕೆಯ ಬೋಲ್ಟನ್ನು ತೀರಾ ಬಿಗಿ ಮಾಡುವುದಿಲ್ಲ. ಬಿದ್ದಾಗ ಲಿವರ್ ಮುರಿಯುವ ಬದಲು ಹಿಡಿಕೆಯ ಸಮೇತ ತಿರುಗಿಕೊಳ್ಳುತ್ತದೆ. ಖರ್ಚಿಲ್ಲದ ಉಪಾಯ.

ಬೈಕು ಎತ್ತುವುದನ್ನು ಬೀಳುವ ಮುಂಚೆಯೇ ಅಭ್ಯಾಸ ಮಾಡಬಹುದಾ ಅಂತ ಇನ್ನೊಬ್ಬರ ಪ್ರಶ್ನೆ. ಮಾಡಬೇಕು. ಹುಲ್ಲಿನ ಮೇಲೆ ಹಳೆಯ ಹಾಸಿಗೆಯೋ ದಪ್ಪ ಗೋಣಿಯೋ ಹಾಕಿ, ಇಬ್ಬರು ಹಿಡಿದುಕೊಂಡು ನಿಧಾನವಾಗಿ ಮಲಗಿಸಿ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ಇಂಜಿನ್ ಆರಿರಲಿ, ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರುವ ದಿನ ನೋಡಿ ಮಾಡಿ. ಅಕ್ಕಪಕ್ಕದವರು ಏನು ಮಾಡ್ತಿದ್ದೀರಿ ಅಂತ ಖಂಡಿತ ಕೇಳುತ್ತಾರೆ. ಅವರನ್ನೂ ಕರೆದುಕೊಳ್ಳಿ, ಮಲಗಿಸುವಾಗ ಒಂದು ಕೈ ಜಾಸ್ತಿ ಇದ್ದರೆ ಒಳ್ಳೆಯದೇ.